ಶುಕ್ರವಾರ ನಾಲ್ಕು ಗಂಟೆ

ಗೋಡೆಯ ಕ್ಯಾಲೆಂಡರನ್ನು ಇಳಿಸಿದಾಗ
ಅದರ ಹಿಂದೆ ಬಣ್ಣ ಇನ್ನೂ ಹಸಿರಾಗಿತ್ತು,
ಸುತ್ತಲಿನ ಗೋಡೆ ಮಾತ್ರ ಹೊಗೆಗೆ, ವರ್ಷಗಳಿಗೆ ಮಾಸಿತ್ತು.
ದಾರ ಕಟ್ಟಿದ ಪೆನ್ಸಿಲು ಮೊಳೆಯಲ್ಲೇ ಉಳಿಯಿತು.
ತೆಗೆ ಎಂದು ಯಾರೂ ಹೇಳಲಿಲ್ಲ.

ಕುತಾಯಿಸಿಯ ನೀರು ಪರೀಕ್ಷಾ ಕಚೇರಿ ನಮ್ಮದು:
ಐದು ಜನ, ಒಬ್ಬ ನಿರ್ದೇಶಕಿ, ಒಂದು ಜೀಪು,
ಕಿಟಕಿಯಾಚೆ ರಿಯೋನಿ, ಬಿಳಿ ಕಲ್ಲುಗಳ ಮೇಲೆ ಬೂದು ನೀರು.
ನಿರ್ದೇಶಕಿ ಹೊಸಬಳು. ಬಂದ ವಾರವೇ ಹೇಳಿದಳು:
ಯಾರು ಎಲ್ಲಿ ಎಂದು ಇನ್ನು ಕೂಗಿ ಕೇಳುವುದು ಬೇಡ,
ಇಮೇಲಿನಲ್ಲೇ ಕ್ಯಾಲೆಂಡರಿದೆ, ಎಲ್ಲರೂ ಎಲ್ಲರಿಗೂ ತೆರೆದಿಡಿ.
ನೆಸ್ತಾನ್, ನೀನು ಕಲಿಸಿಕೊಡು.

ಕಲಿಸಿದೆ. ಮೇಜಿನಿಂದ ಮೇಜಿಗೆ ಕುರ್ಚಿ ಎಳೆದುಕೊಂಡು ಹೋಗಿ
ಹಂಚುವ ಗುಂಡಿ ತೋರಿಸಿದೆ. ಮೂರು ಮೆಟ್ಟಿಲು ಅದಕ್ಕೆ:
ಬಿಡುವೋ ಇಲ್ಲವೋ, ಅಷ್ಟೇ ಕಾಣಲಿ;
ಕೆಲಸದ ಹೆಸರು ಕಾಣಲಿ;
ಎಲ್ಲವೂ ಕಾಣಲಿ.
ಚಿಲಕ, ಪರದೆ, ಇಲ್ಲವೇ ಬರೀ ಹೊಸ್ತಿಲು,
ಬೇಕಾದದ್ದು ಆರಿಸಿ ಎಂದೆ.

ತ್ಸಿಯಾಲಾ ಮೊದಲನೆಯದು.
ಅವಳ ವಾರವೆಂದರೆ ಬೂದು ಇಟ್ಟಿಗೆಗಳ ಸಾಲು,
ಇಟ್ಟಿಗೆಯ ಮೇಲೆಲ್ಲ ಒಂದೇ ಮಾತು: ಬಿಡುವಿಲ್ಲ.
ಮಂಗಳವಾರ ಮೂರಕ್ಕೆ ಅವಳು ಹಿತ್ತಲ ಮೆಟ್ಟಿಲಲ್ಲಿ ಕೂತು
ಸೂರ್ಯಕಾಂತಿ ಬೀಜ ಸುಲಿಯುವುದು ನನಗೆ ಗೊತ್ತು.
ಅದೂ ಬಿಡುವಿಲ್ಲದ ಕೆಲಸವೇ.
ಗ್ವಾಂತ್ಸಾ ಹೆಸರಷ್ಟೇ ಕಾಣಲಿ ಎಂದಳು.
ರಸಾಯನ ನೋಡುವ ಒತಾರ್ ಕನ್ನಡಕ ಹಣೆಗೇರಿಸಿ,
"ನಾನು ಎಲ್ಲಿರುತ್ತೇನೆ? ಇದೇ ಕುರ್ಚಿಯಲ್ಲಿ. ಬಂದು ನೋಡಿ" ಎಂದು
ತನ್ನ ಗಾಜಿನ ಕೊಳವೆಗಳ ಕಡೆ ತಿರುಗಿದ.

ಚಾಲಕ ಮಾಲ್ಖಾಜ್ ಏನೂ ಓದದೆ ಮೂರನೆಯದನ್ನು ಒತ್ತಿದ.

ಅಂದಿನಿಂದ ಅವನ ವಾರ ನಮ್ಮೆಲ್ಲರ ಪರದೆಯಲ್ಲಿ, ಕಿತ್ತಳೆ ಬಣ್ಣದಲ್ಲಿ:
ಸೋಮವಾರ, ತ್ಸ್ಖಾಲ್ತುಬೋದಿಂದ ಎಂಟು ಬಾಟಲಿ.
ಬುಧವಾರ, ಬ್ರೇಕ್ ಎಣ್ಣೆ.
ಗುರುವಾರ, ದವಡೆ ಹಲ್ಲು, ಬಲಗಡೆ, ಮೇಲೆ.
ಶುಕ್ರವಾರ ನಾಲ್ಕು ಗಂಟೆ,
ಒತಾರ್ ಹತ್ತಿರ ತಪ್ಪೊಪ್ಪಿಕೊಳ್ಳುವುದು.

ಮಾರ್ಚಿನಲ್ಲಿ ಇಪ್ಪತ್ತನಾಲ್ಕು ಬಾಟಲಿ ಒಡೆದದ್ದು ನೆನಪಾಯಿತು.
ಒತಾರ್ ಸರಿಯಾಗಿ ಕಟ್ಟಿರಲಿಲ್ಲ, ಎಂದಿದ್ದ ಮಾಲ್ಖಾಜ್.
ಸಂಬಳದಲ್ಲಿ ಹಿಡಿದುಕೊಂಡರು. ಒತಾರ್ ತುಟಿ ಪಿಟಕ್ ಎನ್ನಲಿಲ್ಲ,
ಮತ್ತೆ ಜೀಪು ಹತ್ತಲೂ ಇಲ್ಲ;
ನದಿಗೆ ನಡೆದೇ ಹೋಗುತ್ತಾನೆ, ಬಾಟಲಿಗಳ ಬುಟ್ಟಿ
ಮಗುವಿನ ಹಾಗೆ ಎದೆಗಾನಿಸಿ.

ಶುಕ್ರವಾರ ನಾಲ್ಕಾಯಿತು. ಐದಾಯಿತು.
ಕಿತ್ತಳೆ ಚೌಕ ಮೆಲ್ಲಗೆ ಮುಂದಿನ ಶುಕ್ರವಾರಕ್ಕೆ ಜಾರಿತು,
ಅಲ್ಲಿಂದ ಅದರಾಚೆಗೆ. ಹನ್ನೊಂದು ವಾರ
ನೋಡುತ್ತಲೇ ಇದ್ದೆವು. ಊರಿಗೆಲ್ಲ ಗೊತ್ತಿದ್ದ ಮಾತು
ಸೇರಬೇಕಾದ ಒಂದು ಕಿವಿಗೆ ಮಾತ್ರ ಸೇರಿರಲಿಲ್ಲ.
ನಿನ್ನದೆಲ್ಲ ಕಾಣುತ್ತಿದೆ ಮಾರಾಯ, ಎಂದು ಮಾಲ್ಖಾಜನಿಗೆ ಹೇಳಲು
ಬಾಯಿ ಬರಲಿಲ್ಲ. ಅಳಿಸಿಬಿಟ್ಟರೆ?
ಗ್ವಾಂತ್ಸಾ ಆ ಹೊತ್ತಿಗೆ ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ.
ನಿರ್ದೇಶಕಿಯೂ ಸಭೆಯನ್ನು ಮೂರಕ್ಕೆ ಸರಿಸಿದಳು, ಕಾರಣ ಹೇಳಲಿಲ್ಲ.

ಹನ್ನೆರಡನೆಯ ವಾರ, ಗುರುವಾರ, ಒತಾರ್ ನನ್ನನ್ನು ಕರೆದ.
ಸೋಸುವ ಕಾಗದ ಯಾವಾಗ ಬರುತ್ತದೆಂದು ತಿಳಿಯಬೇಕಂತೆ,
ಅದೂ ಅದರಲ್ಲೇ ಇದೆಯಂತಲ್ಲ, ತೋರಿಸು.
ಅವನ ಯಂತ್ರದಲ್ಲಿ ನಮ್ಮ ಬಣ್ಣಗಳು ಒಂದೊಂದಾಗಿ ಮೂಡಿದವು.
ನಾನು ಚಹಾಕ್ಕೆ ಎದ್ದೆ; ಬೇಕೆಂದೇ ತಡ ಮಾಡಿದೆ.
ಹಿಂತಿರುಗಿದಾಗ ಅವನು ಕನ್ನಡಕ ಒರೆಸುತ್ತಿದ್ದ,
ಒರೆಸಿದ್ದನ್ನೇ ಒರೆಸುತ್ತಿದ್ದ.
"ಇದರಲ್ಲಿ ಬರೆಯುವುದು ಹೇಗೆ?"
ಎರಡು ಸಲ ಒತ್ತು, ಅಷ್ಟೇ.

ಸಂಜೆ ನೋಡಿದೆ: ಕಿತ್ತಳೆಯ ಪಕ್ಕದಲ್ಲಿ
ತೆಳು ಹಸಿರಿನ ಚೌಕ, ಅವನ ಮೊದಲನೆಯದು,
ಎಲ್ಲವೂ ಕಾಣುವ ಹಾಗೆ.
ಬರೆದದ್ದು ಒಂದೇ ಪದ: ಇರುತ್ತೇನೆ.

ಮಾರನೆಯ ದಿನ ಹದಿನೈದು ನಿಮಿಷ ಮುಂಚೆ
ಒಬ್ಬನ ಯಂತ್ರದಲ್ಲಿ, ಒಬ್ಬನ ಫೋನಿನಲ್ಲಿ
ಒಟ್ಟಿಗೇ ಗಂಟೆ ಬಡಿಯಿತು.
ನನಗೆ ಥಟ್ಟನೆ ಅಂಚೆಯ ಕೆಲಸ ನೆನಪಾಯಿತು,
ಗ್ವಾಂತ್ಸಾಗೆ ಬ್ರೆಡ್ಡು ತರುವುದು.
ತ್ಸಿಯಾಲಾ ಬೀಜದ ಪೊಟ್ಟಣ ಹಿಡಿದು ಹಿತ್ತಲಿಗೆ ನಡೆದಳು.

ತಿರುಗಿ ಬಂದಾಗ ಇಬ್ಬರೂ ಇರಲಿಲ್ಲ, ಜೀಪೂ ಇರಲಿಲ್ಲ.
ಎಲ್ಲಿಗೆ ಹೋದರೆಂದು
ಕ್ಯಾಲೆಂಡರಿನಲ್ಲಿ ಇರಲಿಲ್ಲ.