ಬಾಕಿ ಚಿಲ್ಲರೆ

ಆರು ದಿನ ನಾಲ್ಕೂವರೆಗೆ ಎದ್ದ ಮೈ
ಏಳನೆಯ ದಿನವೂ ನಾಲ್ಕೂವರೆಗೇ ಏಳುತ್ತದೆ.
ಎದ್ದು, ಕತ್ತಲಲ್ಲಿ ಚರ್ಮದ ಚೀಲ ತಡಕಿ,
ಓ, ಭಾನುವಾರ, ಅಂತ ಮತ್ತೆ ಬೀಳುತ್ತದೆ.
ಗುತ್ತಲು ರಸ್ತೆಯಲ್ಲಿ ಹಾಲಿನ ಗಾಡಿ ಹೋಗಿ,
ಕೆಳಮನೆಯ ಬೋರಲಿಂಗಣ್ಣನ ಕೆಮ್ಮು ನಿಂತು,
ಬಿಸಿಲು ಕಿಟಕಿಯ ಸರಳು ಎಣಿಸುವ ತನಕ
ನಾನೂ ಒಬ್ಬ ಪ್ಯಾಸೆಂಜರು:
ತಲೆ ಒರಗಿದಲ್ಲೇ ನಿದ್ದೆ, ಇಳಿಯುವ ಊರಿಲ್ಲ.

ಆಮೇಲೆ ಇಂಪನ.
ಮಂಚದ ಪಕ್ಕ ನಿಂತು ಮೂರು ಹಳೇ ಟಿಕೇಟು ಚಾಚುತ್ತಾಳೆ.
ಹಿಂಬದಿಗೆ ನನ್ನದೇ ಅಕ್ಷರ: ಬಾಕಿ, ಒಂದು ಭಾನುವಾರ.
ಇನ್ನೊಂದರಲ್ಲೂ ಅದೇ.
ಮೂರನೆಯದರಲ್ಲಿ, ಅವಸರಕ್ಕೆ, ಬರೀ ‘ಭಾ’.
ರಜೆಯ ದಿನ ಡ್ಯೂಟಿ ಬಿದ್ದಾಗಲೆಲ್ಲ ಗೀಚಿ ಕೊಟ್ಟದ್ದು,
ಐನೂರರ ನೋಟು ಚಾಚಿದವರಿಗೆ ಗೀಚಿ ಕೊಡುವಂತೆ.
‘ಇಳಿವಾಗ ಇಸ್ಕೊಳಿ ಅಂತೀಯಲ್ಲ ಎಲ್ರಿಗೂವೆ,
ನಾನೀಗ ಇಳೀತಾ ಇವ್ನಿ, ಕೊಡು.’

ಬೇಕಾದದ್ದು ಪ್ಯಾನ್‌ಕೇಕು. ಫೋನಿನಲ್ಲಿ ತೋರಿಸಿದಳು:
ಒಂದರ ಮೇಲೊಂದು ಏಳು, ನೆತ್ತಿಗೆ ಬೆಣ್ಣೆ,
ಪಕ್ಕಕ್ಕೆ ಜಾರುವ ಜೇನಿನಂಥದ್ದೇನೋ.
ನೋಡಿದೆ. ನಮ್ಮ ಬೆಲ್ಲದ ದೋಸೆಯೇ ಕಣವ್ವ ಇದು,
ಒಂದೀಟು ಮೈ ಬಂದದೆ, ಅಷ್ಟೆಯ.

ಗೋಧಿ ಹಿಟ್ಟು ಎರಡು ಲೋಟ.
ಸಿಪ್ಪೆ ಕಪ್ಪಾದ ಬಾಳೆಹಣ್ಣು ಎರಡು, ಅವಳೇ ಹಿಸುಕಿದ್ದು.
ಅಚ್ಚು ಬೆಲ್ಲ ನಾಲ್ಕು. ಕೀಲಾರದ ಅಜ್ಜ ಕೊಟ್ಟದ್ದು,
ಬಸ್ಸಿನಲ್ಲಿ ಮರೆತ ಕೊಡೆಯನ್ನು
ಮಾರನೆ ದಿನ ಅದೇ ಸ್ಟಾಪಿನಲ್ಲಿ ಕಿಟಕಿಯಿಂದ ಇಳಿಬಿಟ್ಟಿದ್ದಕ್ಕೆ.
ಕರಗಿಸಿ ಸೋಸಿದರೆ ಜರಡಿಯಲ್ಲಿ
ಕಬ್ಬಿನದೊಂದು ಸಿಬರು.
ಚಿಟಿಕೆ ಉಪ್ಪು, ಚಿಟಿಕೆ ಸೋಡ.
ಕಾಲು ಗಂಟೆ ನೆನೆಯಲಿ, ಅಂದೆ.

ಕಾಲು ಗಂಟೆ!
ಏನು ಮಾಡಬೇಕೋ ಇಬ್ಬರಿಗೂ ತಿಳಿಯಲಿಲ್ಲ.
ಅವಳ ಜಡೆ ಬಿಚ್ಚಿದೆ. ಅವಳು ನನ್ನ ಬೆರಳು ಬಿಡಿಸಿ ನೋಡಿದಳು,
ಉಗುರಿನ ಸಂದಿಯ ನಾಣ್ಯದ ಕಪ್ಪು,
ಯಾವ ಸೋಪಿಗೂ ಬಗ್ಗದ್ದು.
‘ಇದು ಹಿಟ್ಟಿಗೆ ಬೀಳ್ತದಾ?’
ಬಿದ್ದರೆ ಬೀಳಲಿ ಬುಡು, ಊರವರದೆಲ್ಲ ರುಚಿ.

ಮೊದಲನೆಯದು ಕಾವಲಿಗೆ ಕಚ್ಚಿಕೊಂಡಿತು,
ಬಾಗಿಲಲ್ಲೇ ನೇತು, ಒಳಗೂ ಬಾರದೆ
ಇಳಿಯಲೂ ಒಲ್ಲದ ಕಾಲೇಜು ಹುಡುಗ.
ಕೆರೆದು ಎಬ್ಬಿಸಿ ಶಿವಲಿಂಗನ ತಟ್ಟೆಗೆ ಹಾಕಿದೆ.
ಪೇಪರಿನಿಂದ ತಲೆಯೆತ್ತದೆ ತಿಂದು
‘ಚೆಂದಾಗದೆ’ ಅಂದ. ಆಣೆ ಮಾಡಿಸಲಿಲ್ಲ.

ಎರಡನೆಯದಕ್ಕೆ ಇಂಪನ ಸ್ಟೂಲು ಹತ್ತಿದಳು,
ಮೊಗಚುವ ಕೈ ಹಿಡಿದು, ಉಸಿರೂ ಹಿಡಿದು.
ಮೇಲೆ ತೂತು ಬೀಳಲಿ, ಅಂಚಿನ ಹಸಿ ಆರಲಿ,
ಅಲ್ಲಿವರೆಗೂ ಹೋಲ್ಡಾನ್.
ಒಂದು ತೂತು. ಎರಡು. ಆಮೇಲೆ ಲೆಕ್ಕ ತಪ್ಪಿತು.
ರೈಟ್!
ತಿರುಗಿತು. ಮುಕ್ಕಾಲು ಕಾವಲಿಗೆ, ಕಾಲು ಒಲೆಗೆ.
ಸುಟ್ಟ ಬೆಲ್ಲದ ಹೊಗೆಗೆ ಕೆಮ್ಮುತ್ತ ನಕ್ಕೆವು.

ಆಮೇಲಿನವು ದುಂಡಗೆ ಎದ್ದವು.
ವಾರವಿಡೀ ನಾನು ಹೆಂಗಸರ ಕೈಗೆ ಹರಿದುಕೊಡುವ
ಸೊನ್ನೆ ಟಿಕೇಟಿನ ಸೊನ್ನೆ ಇದೇ ಇರಬೇಕು,
ಇಲ್ಲಿ ಮಾತ್ರ ಅದಕ್ಕೆ ತೂಕ ಇದೆ,
ಹಿಡಿದರೆ ಬೆರಳು ಸುಡುತ್ತದೆ.

ಏಳು ಪೇರಿಸಿದಳು. ಚಿತ್ರದಲ್ಲಿದ್ದಂತೆ ನಿಲ್ಲಲಿಲ್ಲ,
ಹುಲ್ಲು ಹೇರಿದ ಟ್ರ್ಯಾಕ್ಟರಿನಂತೆ ಎಡಕ್ಕೆ ವಾಲಿತು.
ತುಪ್ಪ ಹಾಕುವಾಗ
ಅಕ್ಕಿ ಡಬ್ಬದ ಮೇಲೆ ಫೋನು ಗುರ್ರೆಂದಿತು.
ಡಿಪೋ ನಂಬರು.
ಶಿವಲಿಂಗ ಪೇಪರು ಇಳಿಸಿದ.
ಇಂಪನ ಫೋನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ,
ವಾಲಿದ್ದನ್ನು ಎರಡು ಕೈಯಲ್ಲಿ ಆನಿಕೊಂಡು ನಿಂತಳು.
‘ಕೈಯೆಲ್ಲ ಹಿಟ್ಟು’ ಅಂದೆ,
ಯಾರಿಗೆ ಅಂದೆನೋ.
ತಾನಾಗಿ ಸುಮ್ಮನಾಯಿತು ಅದು.

ಪಾತ್ರೆ ಬಳಿದಾಗ ಕೊನೆಗೆ ಸಿಕ್ಕಿದ್ದು
ರೂಪಾಯಿ ಅಗಲದ ಮೂರು.
ತಗೊಳಮ್ಮ, ಚಿಲ್ಲರೆ.
ಒಂದೇ ಬಾಯಿಗೆ ಮೂರನ್ನೂ ತುಂಬಿಕೊಂಡು
ಒಂದು ಟಿಕೇಟು ಹರಿದಳು.
ಒಂದೇ.
ಮಿಕ್ಕೆರಡನ್ನು ಮಡಿಸಿ ಜಾಮಿಟ್ರಿ ಬಾಕ್ಸಿಗೆ ಹಾಕಿ
ಮುಚ್ಚಳ ಟಪ್ಪೆನಿಸಿದಳು.