ಒಸರು

ಅಮ್ಮತ್ತಿಯಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ,
ದೇಚಮ್ಮನವರ ಮಾರಿಸ್ ಮೈನರ್ ಷೆಡ್ಡಿನ ಮುಂದೆ ಬಂದು ಕೆಮ್ಮಿತು.
"ಕಣ ಬಳಿಸಿದ್ದೇನೆ. ನಾಳೆಯಿಂದ ಹಣ್ಣು ಹರವಬೇಕು.
ಇದು ನಿಂತಲ್ಲೆಲ್ಲ ಕರೀ ಬೊಟ್ಟು ಇಟ್ಟು ಬರುತ್ತೆ.
ಕಾಫಿಗೆ ಮೂಗಿದೆ, ಗೊತ್ತಲ್ಲ,
ಒಂದು ತೊಟ್ಟಿಗೆ ಇಡೀ ಚೀಲ ಮುನಿಯುತ್ತೆ."
ಕೀಲಿ ನನ್ನ ಕೈಗೆ ಹಾಕಿ ಸಂತೆಗೆ ನಡೆದರು.

ಜಾಕಿ ಕೊಟ್ಟೆ, ಹಿಂಗಾಲಿಗೆ ಕಲ್ಲು ಕೊಟ್ಟೆ,
ಗೋಣಿ ಹಾಸಿ ಅಂಗಾತ ಜಾರಿದೆ.
ಕಾರಿನ ಹೊಟ್ಟೆ ನೋಡುವವನಿಗೆ
ಅದರ ಬಣ್ಣ ನೆನಪಿರುವುದಿಲ್ಲ.
ಆಯಿಲು ಮೊದಲು ಹಗ್ಗ,
ಆಮೇಲೆ ನೂಲು,
ಆಮೇಲೆ
ಹನಿ.
ಹನಿಗೆ ಕಾಯಬೇಕು. ನೌಫಲನಿಗೆ ಕಾಯಲು ಬರುವುದಿಲ್ಲ,
ಸ್ಪ್ಯಾನರು ಹಿಡಿದು ಒಂಟಿಕಾಲಲ್ಲಿ ನಿಂತಿದ್ದಾನೆ.

ಬೋಲ್ಟೆಲ್ಲ ಬಿಚ್ಚಿದರೂ ಸಂಪು ಬಿಡಲಿಲ್ಲ.
ರಬ್ಬರು ಸುತ್ತಿಗೆಯಲ್ಲಿ ಎರಡು ಕೇಳಿದೆ. ಬಂತು.
ಹಳೇ ಕಾರ್ಕು
ಹೆಂಚಿನ ಮೇಲೆ ಮರೆತ ಅಕ್ಕಿರೊಟ್ಟಿಯ ಅಂಚಿನ ಹಾಗೆ
ಮುಟ್ಟಿದಲ್ಲಿ ಮುರಿಯಿತು.

ಸೀಮೆಎಣ್ಣೆಯಲ್ಲಿ ತೊಳೆದು, ಅಂಚಿಗೆ ಉಕ್ಕಿನ ಪಟ್ಟಿ ಇಟ್ಟು
ಬೆಳಕಿಗೆ ಹಿಡಿದೆ.
ಪ್ರತಿ ತೂತಿನ ಸುತ್ತ ಒಂದೊಂದು ಗುಳಿ,
ಯಾರೋ ಹೆಬ್ಬೆರಳು ಒತ್ತಿದ ಹಾಗೆ.

ಯಾರೋ ಅಲ್ಲ.
ಇಪ್ಪತ್ತೆರಡು ವರ್ಷದ ಹಿಂದೆ, ಇದೇ ಕಾರು, ಇದೇ ಷೆಡ್ಡು,
ಲಾಜರ್ ಮೇಸ್ತ್ರಿ ಬೀಡಿಗೆಂದು ಆಚೆ ಹೋದಾಗ
ಹದಿನೇಳರ ನಾನು
ತೋಳಲ್ಲಿದ್ದದ್ದೆಲ್ಲ ಬೋಲ್ಟಿಗೆ ಕೊಟ್ಟಿದ್ದೆ.
"ಬಿಗಿ ಆಯ್ತಾ?" ಅಂದರು ಬಂದು.
"ಕಲ್ಲಿನ ಹಾಗೆ" ಅಂದೆ.
ಮೇಸ್ತ್ರಿ ನಕ್ಕರು.
ಅದು ಮೆಚ್ಚುಗೆ ಅಂದುಕೊಂಡೆ.
ಇವತ್ತು ಬೆಳಿಗ್ಗೆವರೆಗೆ ಅಂದುಕೊಂಡೇ ಇದ್ದೆ.

ಎಲ್ಲೆಲ್ಲಿ ತೊಟ್ಟಿಕ್ಕಿದೆಯೋ ನನ್ನ ತೋಳ ಬಲ!
ಪಾಲಿಬೆಟ್ಟದ ಆಸ್ಪತ್ರೆ ಅಂಗಳದಲ್ಲಿ,
ವಿರಾಜಪೇಟೆಯ ಗಡಿಯಾರ ಕಂಬದ ಬುಡದಲ್ಲಿ,
ಗೋಣಿಕೊಪ್ಪದ ಹಂದಿಮಾಂಸದಂಗಡಿಯೆದುರು,
ಯಾರದೋ ಮದುವೆಯಲ್ಲಿ ಕಡಿದುಬಿದ್ದ ಬಾಳೆಯ ಪಕ್ಕ.
ಅವರು ಪ್ರತಿ ಸಲ ಬೈದದ್ದು ಕಾರನ್ನು.
ಕಾರಿಗೆ ಬಾಯಿಲ್ಲ.

ಬೀಟೆಯ ತುಂಡಿನ ಮೇಲೆ ಅಂಚು ಮಲಗಿಸಿ
ಗುಂಡು ಸುತ್ತಿಗೆಯಿಂದ ಒಳಗಡೆಯಿಂದ ತಟ್ಟಿದೆ,
ಮಗುವಿಗೆ ತೇಗು ಬರಿಸುವಷ್ಟೇ ಮೆಲ್ಲಗೆ.
ಒಂದೊಂದೇ ಎದ್ದವು. ಒಂದು ಏಳಲಿಲ್ಲ.
ಅದನ್ನು ಇನ್ನೂ ತಟ್ಟಿದರೆ ಹರಿಯುತ್ತಿತ್ತು. ಬಿಟ್ಟೆ.

ಹೊಸ ಕಾರ್ಕು ಮೈಸೂರು ಬಸ್ಸಿನಲ್ಲಿ
ಕಂಡಕ್ಟರನ ಸೀಟಿನಡಿ ಬಂದಿತ್ತು.
ಎರಡು ಅರ್ಧಚಂದ್ರ, ಪಕ್ಕಕ್ಕೆ ಎರಡು ಉದ್ದದ ಪಟ್ಟಿ.
"ಚಂದ್ರನ ತುದಿ ಉದ್ದವಾಯ್ತು, ಕತ್ತರಿಸ್ಲಾ?" ನೌಫಲ್ ಕೇಳಿದ.
ಬೇಡ. ಒತ್ತಿದಾಗ ಅದರ ಜಾಗ ಅದೇ ತುಂಬುತ್ತೆ.
"ಎಷ್ಟು ಬಿಗಿ ಮಾಡ್ಲಿ?"
ಎರಡೇ ಬೆರಳಲ್ಲಿ ಸ್ಪ್ಯಾನರು ಹಿಡಿ, ಎದುರುಬದುರು ಹೋಗು,
ಬೆರಳು ಸಾಕು ಅಂದಾಗ ನೀನೂ ಸಾಕು ಅನ್ನು.
"ಸಡಿಲಾದರೆ?"
ಸಡಿಲಾದದ್ದನ್ನು ನಾಳೆ ಬಿಗಿ ಮಾಡಬಹುದು.

ನಾನು ಬೀಡಿಗೆ ಆಚೆ ಹೋಗಲಿಲ್ಲ.
ಬೀಡಿ ಬಿಟ್ಟು ಹತ್ತು ವರ್ಷವಾಯ್ತು.
ಗೋಣಿಯ ಮೇಲೆ ಅವನ ಪಕ್ಕದಲ್ಲೇ ಮಲಗಿ
ಅವನ ಮಣಿಕಟ್ಟು ನೋಡುತ್ತಿದ್ದೆ.

ಸಂಜೆ ಬಿಲ್ಲು ನೋಡಿ ದೇಚಮ್ಮ ಕನ್ನಡಕ ಏರಿಸಿದರು.
"ಕಾರ್ಕು ಇದೆ, ಆಯಿಲು ಇದೆ. ಮಜೂರಿ ಎಲ್ಲಿ?"
ಹಳೇ ಲೆಕ್ಕದಲ್ಲಿ ಹೋಯ್ತು ಅಂದೆ.
"ಯಾವ ಹಳೇದು? ನಾನು ಯಾರ ಬಾಕಿಯೂ ಇಟ್ಟವಳಲ್ಲ."
ನೀವಲ್ಲ, ಅಂದೆ.
ಅವರು ನನ್ನನ್ನೂ ನೋಡಿದರು, ಕಾರನ್ನೂ ನೋಡಿದರು,
ನೌಫಲನ ಜೇಬಿಗೆ ಐನೂರು ತುರುಕಿ ಗೇರು ಹಾಕಿದರು.

ಮರುದಿನ ಏಳಕ್ಕೇ ಫೋನು.
"ರಾತ್ರಿ ಅಡಿಯಲ್ಲಿ ಪೇಪರು ಹಾಸಿದ್ದೆ.
ಒಂದು ಚುಕ್ಕೆ ಇದೆ. ಸಾಸಿವೆಯಷ್ಟು."
ಮುಂದಿನದೋ ಹಿಂದಿನದೋ, ಕೇಳಿದೆ,
ಏಳದೆ ಉಳಿದ ಆ ಗುಳಿ ಯಾವ ಕಡೆಯದೆಂದು
ಕಣ್ಣು ಮುಚ್ಚಿ ಎಣಿಸುತ್ತ.
"ಯಾವುದೋ ಒಂದು. ಕಾರನ್ನು ಕೊಟ್ಟಿಗೆ ಕಡೆ ನಿಲ್ಲಿಸಿದ್ದೇನೆ,
ಕಾಫಿಯನ್ನು ಬಿಸಿಲ ಕಡೆ ಹರವಿದ್ದೇನೆ.
ನೀನು ತಿಂಡಿ ತಿನ್ನು."