ಅಗಲ ಹಲ್ಲಿನ ಬಾಚಣಿಗೆ

ಬೀರೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನ ಕ್ಷೌರದಂಗಡಿ.
ಹಗಲೆಲ್ಲ ಕತ್ತರಿಸುತ್ತೇನೆ,
ರಾತ್ರಿ ಬಿಡಿಸುತ್ತೇನೆ.

ಬಾಗಲಕೋಟೆ ಕಡೆಯ ಕುರಿಗಾರನೊಬ್ಬ
ಮೂರು ತಿಂಗಳ ಗಡ್ಡ ಇಳಿಸಿಕೊಂಡು, ಕಾಸಿಲ್ಲವೆಂದು
ಕಂಬಳಿಯೊಳಗಿಂದ ಎತ್ತಿ ಕೊಟ್ಟ:
'ಪಶ್ಮಿ ಐತ್ರಿ. ಮುಧೋಳದ್ದ, ಆದ್ರ ಕೂದ್ಲಿಂದು.
ಇದು ಕುರಿ ಹಿಂದ ಬರೂದಿಲ್ಲ,
ಗಾಳಿ ಹಿಂದ ಹೊಕ್ಕೈತಿ.'
ಆಗ ಕೂದಲೆಲ್ಲಿತ್ತು? ಒಂದು ಮೂತಿ,
ಉಳಿದದ್ದೆಲ್ಲ ಕಾಲು.

ವರ್ಷ ತುಂಬುವಾಗ ಕಿವಿಯಿಂದ ಇಳಿಯಿತು,
ಬಾಲದಿಂದ, ತೊಡೆಯ ಹಿಂದಿನಿಂದ,
ಹಾಲುಗಟ್ಟಿದ ಜೋಳದ ಬಣ್ಣ.
ತೆನೆ ಎಂದು ಕರೆದೆವು.
ಕರೆಯುವುದಷ್ಟೇ ನಮ್ಮ ಕೆಲಸ,
ಬರುವುದು ಬಿಡುವುದು ಅವಳ ಚಿತ್ತ.

ಉಣ್ಣುವ ಮುಂಚೆ ಕಿವಿ ಕಟ್ಟಬೇಕು,
ಇಲ್ಲದಿದ್ದರೆ ಸಾರನ್ನು ಕಿವಿಯೂ ಉಣ್ಣುತ್ತದೆ.
ಹಳೆ ಮಂಕಿಕ್ಯಾಪಿನ ನೆತ್ತಿ ಕತ್ತರಿಸಿ ತೊಡಿಸಿದರೆ
ಏಕಾದಶಿಯ ಅಜ್ಜಿಯಂತೆ ಕೂತು ಮುದ್ದೆ ಮುಗಿಸುತ್ತಾಳೆ.
ತಲೆಗಿಂತ ಕುತ್ತಿಗೆ ದಪ್ಪ, ಅಂಗಡಿಯ ಪಟ್ಟಿ ನಿಲ್ಲದು;
ಬಸ್ ಸ್ಟ್ಯಾಂಡಿನ ಓಬಣ್ಣ
ನಾಲ್ಕು ಬೆರಳಗಲದ್ದು ಹೊಲಿದುಕೊಟ್ಟ.
ಮೈಯಲ್ಲಿ ಮಾಂಸವಿಲ್ಲ, ನೆಲ ತಾಗಿದರೆ ಮೊಣಕೈ ಸುಲಿಯುತ್ತದೆ:
ಎರಡು ಗೋಣಿ, ಮೇಲೊಂದು ಕೌದಿ,
ಅದರ ಮೇಲೆ ಅವಳು.
ನಾವು ಚಾಪೆಯಲ್ಲಿ.

'ಬೇಸಿಗೆ ಕಣಯ್ಯ, ಒಂದ್ಸಲ ಮಿಷನ್ ಹೊಡ್ದುಬಿಡು' ಅನ್ನುತ್ತಾರೆ ಗಿರಾಕಿಗಳು.
ಅಂಥವರ ಗದ್ದವನ್ನು ಸ್ವಲ್ಪ ಮೇಲೆತ್ತುತ್ತೇನೆ.
ಕತ್ತಿ ಗಂಟಲ ಮೇಲಿರುವಾಗ
ಯಾರೂ ಹೆಚ್ಚು ಮಾತಾಡುವುದಿಲ್ಲ.

ಮೂಸುವ ನಾಯಿಯಲ್ಲ ಇದು, ನೋಡುವ ನಾಯಿ.
ಕುರ್ಚಿಯ ಕಾಲಬುಡದಲ್ಲಿ ಮಲಗಿ
ಕನ್ನಡಿಯೊಳಗಿನ ರಸ್ತೆಯನ್ನು ನೋಡುತ್ತಿರುತ್ತಾಳೆ.
ಒಮ್ಮೆ ಆ ರಸ್ತೆಯಲ್ಲೊಂದು ಮೇಕೆಮರಿ ಓಡಿತು.
ಬಿರುಕಿಗೆ ಟೇಪು ಅಂಟಿಸಿದ್ದೇನೆ;
ಪೋಸ್ಟ್ ಮಾಸ್ಟರಿಗೆ ಅಂದಿನಿಂದ ಎರಡು ಮೀಸೆ.

ಮಂಗಳವಾರ ನಮಗೆ ರಜೆ.
ಬೆಳಕು ಹರಿಯುವ ಮುಂಚೆ ಕಾವಲಿಗೆ ಹೋಗುತ್ತೇವೆ,
ಅಮೃತಮಹಲಿನ ದನ ಇನ್ನೂ ಮಲಗಿರುವಾಗ.
ಪಟ್ಟಿ ಬಿಚ್ಚುತ್ತೇನೆ.
ಮೊಲವೋ ಮೊಲದ ನೆನಪೋ,
ಹುಲ್ಲು ಎರಡು ಹೋಳಾಗುತ್ತದೆ.
ನಾಲ್ಕೂ ಕಾಲು ನೆಲ ಬಿಟ್ಟ ಆ ಚಿಟಿಕೆ ಹೊತ್ತು
ಅವಳು ಯಾರ ನಾಯಿಯೂ ಅಲ್ಲ,
ನಾನು ಬರಿಯ ಪಟ್ಟಿ ಹಿಡಿದು ನಿಂತ ಒಬ್ಬ.
ಇಷ್ಟು ವರ್ಷಕ್ಕೆ ಒಂದನ್ನೂ ಹಿಡಿದಿಲ್ಲ, ಪುಣ್ಯ.

ಹಿಡಿದು ತರುವುದು ಉತ್ತರಾಣಿ, ನೆಗ್ಗಿಲು,
ಹೆಸರಿಲ್ಲದ ಹುಲ್ಲುಗಳ ಬೀಜ.
ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳಲ್ಲಿ ಸಡಿಲಿಸಿ,
ಆಮೇಲೆ ಅಗಲ ಹಲ್ಲಿನ ಬಾಚಣಿಗೆ.
ತುದಿಯಿಂದ ಶುರುಮಾಡಬೇಕು, ಬುಡದಿಂದಲ್ಲ.
ಎಳೆದರೆ ಕೂಗುವವಳಲ್ಲ ಅವಳು,
ಎದ್ದು ಹೋಗಿ ಗೋಡೆಯತ್ತ ಮುಖಮಾಡಿ ಮಲಗುತ್ತಾಳೆ.
ಎರಡು ದಿನ ಮಾತಿಲ್ಲ.

ಕಳೆದ ಮಂಗಳವಾರ ನಾಗವೇಣಿ
ಅಕ್ಕಿ ಆರಿಸುತ್ತ ನೋಡುತ್ತಿದ್ದವಳು ಅಂದಳು:
'ಇಪ್ಪತ್ತೆರಡು ವರ್ಷ ಆಯ್ತು.
ಊರ ತಲೆಯೆಲ್ಲ ನಿನ್ನ ಕೈಲಿ,
ನನ್ನದೊಂದು ಬಿಟ್ಟು.'
ನಗುತ್ತಲೇ ಅಂದದ್ದು.

ಎದ್ದು ಬಾಚಣಿಗೆ ತೊಳೆದು ತಂದೆ.
'ನಾಯೀದಾ?'
'ಅಂಗಡೀದು ಸಣ್ಣ ಹಲ್ಲು. ನೋಯುತ್ತೆ.'

ಹೆಸರಲ್ಲೇ ಜಡೆಯಿರುವವಳ ಗಂಟು ಬಿಚ್ಚಿದರೆ
ಕಿರುಬೆರಳ ದಪ್ಪ.
ಉಳಿದದ್ದು ಯಾವಾಗ ಹೋಯಿತು?
ದಿನಾ ಕೂದಲು ಗುಡಿಸುವವನು ನಾನು,
ಇದು ನನ್ನ ಪೊರಕೆಗೆ ಸಿಗಲೇ ಇಲ್ಲ.
ತುದಿಯಿಂದ ಶುರುಮಾಡಿದೆ.
ಅವಳ ಮೊರದಲ್ಲಿ ಬೆರಳು ನಿಂತಿತು.

ತೆನೆ ಎದ್ದು ಬಂದು
ಉದ್ದ ಮೂತಿಯನ್ನು ನಮ್ಮಿಬ್ಬರ ನಡುವೆ ತೂರಿಸಿದಳು.
ಹಿಂಗಾಲಿನ ಎಳೆಗಳಲ್ಲಿ ಇನ್ನೂ ಒಂದು ಉತ್ತರಾಣಿ.
'ಮೊದ್ಲು ಅವಳದ್ದು ತೆಗಿ' ಅಂದಳು ನಾಗವೇಣಿ,
ತಲೆ ಮಾತ್ರ ಅಲ್ಲಾಡಿಸದೆ.